ಮಳೆಗೂ ಅಳಿಯದ ಹೆಸರು

ಮೇ ತಿಂಗಳ ಕೊನೆಯಲ್ಲಿ ಎರಡು ಮಳೆ ಬಿದ್ದರೆ ಸಾಕು, ಕರಾವಳಿಯ ಮನೆಗಳಲ್ಲಿ ಗಿಡಗಳ ಕೊಡುಕೊಳ್ಳುವಿಕೆ ಶುರುವಾಗುತ್ತದೆ. ತವರಿನಿಂದ ಮಲ್ಲಿಗೆಯ ಕಡ್ಡಿ ಬರುತ್ತದೆ. ನೆರೆಮನೆಯಿಂದ ಕರಿಮೆಣಸಿನ ಬಳ್ಳಿ, ನರ್ಸರಿಯಿಂದ ಕಸಿ ಮಾವು, ನಾದಿನಿಯ ಮನೆಯಿಂದ ಯಾವುದೋ ಮದ್ದಿನ ಸೊಪ್ಪು. ಎಲ್ಲವೂ ಕಪ್ಪು ತೊಟ್ಟೆಗಳಲ್ಲಿ ಅಂಗಳದ ಮೂಲೆಯಲ್ಲಿ ಸಾಲಾಗಿ ನಿಲ್ಲುತ್ತವೆ. ಯಾವುದು ಯಾವುದೆಂದು ಆ ದಿನ ಮನೆಯವರೆಲ್ಲರಿಗೂ ನೆನಪಿರುತ್ತದೆ. ಮಕ್ಕಳ ನೋಟು ಪುಸ್ತಕದ ಹಾಳೆ ಹರಿದು ಹೆಸರು ಬರೆದು ಕಡ್ಡಿಗೆ ಸಿಕ್ಕಿಸುವುದೂ ಉಂಟು. ಆಗಸ್ಟ್ ತಿಂಗಳಲ್ಲಿ ಹೋಗಿ ನೋಡಿದರೆ ಗಿಡ ಇದೆ, ಚೀಟಿ ಇಲ್ಲ. ಇದ್ದರೂ ಅದರಲ್ಲಿ ಒಂದು ನೀಲಿ ಕಲೆ ಮಾತ್ರ.

ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ. ಇಷ್ಟು ನೀರಿನ ಕೆಳಗೆ ಕಾಗದದ ಚೀಟಿ ನಿಲ್ಲುವುದುಂಟೇ? ವಿಜಯಪುರ, ಕಲಬುರಗಿಯ ಕಡೆಯ ಸಹೋದರಿಯರಿಗೆ ಮಳೆಯ ಕಾಟ ಕಡಿಮೆ. ಆದರೆ ಅಲ್ಲಿನ ಬಿಸಿಲು ಮಾಡುವ ಕೆಲಸವೂ ಇದೇ. ಒಂದು ಕಡೆ ಅಕ್ಷರ ತೊಳೆದು ಹೋಗುತ್ತದೆ, ಇನ್ನೊಂದು ಕಡೆ ಬಿಳಿಚಿಕೊಂಡು ಹೋಗುತ್ತದೆ.

ಹೆಸರು ಹೋದರೆ ಏನಾಯಿತು, ಗಿಡ ಇದೆಯಲ್ಲ ಎನ್ನಬಹುದು. ಕೊತ್ತಂಬರಿ, ಪುದೀನಕ್ಕೆ ಆ ಮಾತು ಸರಿ. ಅವು ಮೂಗಿಗೇ ತಮ್ಮ ಹೆಸರು ಹೇಳುತ್ತವೆ. ಆದರೆ ಕಸಿ ಮಾವಿನ ಎರಡು ಗಿಡ ತಂದು ನೆಟ್ಟು, ಯಾವುದು ಮುಂಡಪ್ಪ, ಯಾವುದು ನೀಲಂ ಎಂದು ಮರೆತರೆ ಉತ್ತರ ಸಿಗಲು ಮೂರು ನಾಲ್ಕು ವರ್ಷ ಕಾಯಬೇಕು. ಜಾಯಿಕಾಯಿಯದ್ದು ಇನ್ನೂ ಕಷ್ಟ. ಅದರಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಬೀಜದಿಂದ ಎದ್ದ ಸಸಿ ಹೂ ಬಿಡುವವರೆಗೆ, ಅಂದರೆ ಆರೇಳು ವರ್ಷದವರೆಗೆ, ಗಂಡೋ ಹೆಣ್ಣೋ ತಿಳಿಯುವುದಿಲ್ಲ. ಆ ಕಾರಣಕ್ಕೇ ಹೆಚ್ಚು ಹಣ ಕೊಟ್ಟು ಹೆಣ್ಣು ಮರದ ಕಸಿ ತರುತ್ತೇವೆ. ಕಸಿ ಗಿಡ ಮತ್ತು ಬೀಜದ ಗಿಡ ಅಕ್ಕಪಕ್ಕದಲ್ಲಿದ್ದು ಚೀಟಿ ಹೋಯಿತೆಂದರೆ, ಜಾಗ ಇಕ್ಕಟ್ಟಾಯಿತೆಂದು ಕಡಿಯುವ ದಿನ ಯಾವುದನ್ನು ಕಡಿಯುತ್ತೀರಿ?

ಮದ್ದಿನ ಗಿಡಗಳ ವಿಷಯಕ್ಕೆ ಬಂದರೆ ಪ್ರಶ್ನೆ ಹಣದ್ದಲ್ಲ. ಕೊರೋನಾ ಕಾಲದಲ್ಲಿ ಅಮೃತಬಳ್ಳಿ ಮನೆಮನೆಗೆ ಬಂತು. ಅದರ ಕಷಾಯ ಕುಡಿದವರೆಷ್ಟೋ ಮಂದಿ. 2021ರಲ್ಲಿ ಮುಂಬೈಯ ವೈದ್ಯರು, ಅಮೃತಬಳ್ಳಿ ಸೇವಿಸಿದ ಕೆಲವರಲ್ಲಿ ಯಕೃತ್ತಿಗೆ ಹಾನಿಯಾದದ್ದನ್ನು ಗಮನಿಸಿ ವರದಿ ಪ್ರಕಟಿಸಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಆ ರೋಗಿಗಳು ಸೇವಿಸಿದ್ದು ನಿಜವಾದ ಅಮೃತಬಳ್ಳಿಯೇ ಎಂದು ಗುರುತಿಸಿಲ್ಲ, ಅದನ್ನೇ ಹೋಲುವ ಟಿನೋಸ್ಪೋರಾ ಕ್ರಿಸ್ಪಾ ಎಂಬ ಇನ್ನೊಂದು ಬಳ್ಳಿ ಇರಬಹುದು ಎಂಬುದು ಸಚಿವಾಲಯದ ವಾದವಾಗಿತ್ತು. ಆ ಚರ್ಚೆಯಲ್ಲಿ ಯಾರು ಸರಿ ಎಂಬುದು ಇಲ್ಲಿ ಬೇಡ. ಯಾವುದೇ ಬಳ್ಳಿಯಾದರೂ ವೈದ್ಯರನ್ನು ಕೇಳದೆ ದಿನನಿತ್ಯ ಕುಡಿಯುವುದು ಸರಿಯಲ್ಲ ಎಂಬುದಂತೂ ನಿಜ. ನಾವು ಗಮನಿಸಬೇಕಾದದ್ದು, ಎರಡರ ಎಲೆಯೂ ಹೃದಯದ ಆಕಾರದ್ದೇ. ಅಮೃತಬಳ್ಳಿಯ ಕಾಂಡದ ಮೇಲಿನ ತೆಳು ಸಿಪ್ಪೆ ಕಾಗದದಂತೆ ಏಳುತ್ತದೆ, ಇನ್ನೊಂದರ ಕಾಂಡದ ತುಂಬ ಗಂಟುಗಂಟಾದ ಬೊಕ್ಕೆಗಳಿರುತ್ತವೆ. ಎಳೆಯ ತುಂಡಿನಲ್ಲಿ ಈ ವ್ಯತ್ಯಾಸ ಕಣ್ಣಿಗೆ ಬೀಳಬೇಕಲ್ಲ! ತುಂಡು ತಂದ ದಿನವೇ ಎಲ್ಲಿಂದ ತಂದದ್ದು, ಯಾರು ಗುರುತಿಸಿದ್ದು ಎಂದು ಬರೆದಿಡುವುದು ಇದಕ್ಕಾಗಿ.

ಹೀಗಾಗಿ ಗಿಡದ ಹೆಸರಿನ ಫಲಕ ಬರೇ ಶೋಕಿಯ ವಸ್ತುವಲ್ಲ. ಈಗ ಬಹಳಷ್ಟು ಮನೆಗಳಲ್ಲಿ ಮಕ್ಕಳ ಶಾಲೆಯ ಪ್ರಾಜೆಕ್ಟಿಗೆಂದು ತಂದ ಪ್ರಿಂಟರ್ ಇದೆ. ವಾರದಲ್ಲಿ ಆರು ದಿನ ಅದರ ಮೇಲೆ ಬಟ್ಟೆ ಹೊದಿಸಿಟ್ಟಿರುತ್ತೇವೆ. ಅದರಿಂದಲೇ ಎರಡು ಮೂರು ಮಳೆಗಾಲ ತಾಳುವ ಲೇಬಲ್ ಮಾಡಬಹುದು. ಅದಕ್ಕೆ ಮೊದಲು ಪ್ರಿಂಟರಿನ ಹೊಟ್ಟೆಯೊಳಗೆ ಏನಿದೆ ಎಂದು ತಿಳಿಯಬೇಕು.

ಶಾಯಿಯೋ ಪುಡಿಯೋ?

ಮನೆಯ ಪ್ರಿಂಟರುಗಳಲ್ಲಿ ಎರಡು ಜಾತಿ. ಇಂಕ್‌ಜೆಟ್ ಪ್ರಿಂಟರ್ ದ್ರವ ಶಾಯಿಯನ್ನು ಸೂಕ್ಷ್ಮ ಹನಿಗಳಾಗಿ ಕಾಗದದ ಮೇಲೆ ಸಿಂಪಡಿಸುತ್ತದೆ. ಲೇಸರ್ ಪ್ರಿಂಟರಿನಲ್ಲಿ ಶಾಯಿಯೇ ಇಲ್ಲ. ಅದರಲ್ಲಿರುವುದು ಟೋನರ್ ಎಂಬ ನಯವಾದ ಪುಡಿ. ಈ ಪುಡಿ ಮುಖ್ಯವಾಗಿ ಒಂದು ಬಗೆಯ ಪ್ಲಾಸ್ಟಿಕ್. ಕಪ್ಪು ಬಣ್ಣಕ್ಕಾಗಿ ಅದರಲ್ಲಿ ಇಂಗಾಲ ಬೆರೆಸಿರುತ್ತಾರೆ. ಪ್ರಿಂಟರಿನೊಳಗಿನ ಸುಮಾರು 200 ಡಿಗ್ರಿ ಸೆಲ್ಸಿಯಸ್ ಬಿಸಿಯ ಉರುಳೆಯ ನಡುವೆ ಕಾಗದ ಹಾದು ಹೋಗುವಾಗ ಪುಡಿ ಕರಗಿ ಕಾಗದಕ್ಕೆ ಅಂಟುತ್ತದೆ. ಪ್ರಿಂಟು ಹೊರಗೆ ಬಂದಾಗ ಕಾಗದ ಬಿಸಿಯಾಗಿರುವುದು ಇದೇ ಕಾರಣಕ್ಕೆ. ಕರಗಿ ಅಂಟಿದ ಪ್ಲಾಸ್ಟಿಕ್ ನೀರಿಗೆ ಬಿಡುವುದಿಲ್ಲ. ಅದರೊಳಗಿನ ಇಂಗಾಲ ಬಿಸಿಲಿಗೆ ಬಣ್ಣ ಕಳೆದುಕೊಳ್ಳುವುದಿಲ್ಲ. ನಮ್ಮ ಕೆಲಸಕ್ಕೆ ಇದಕ್ಕಿಂತ ಒಳ್ಳೆಯದು ಬೇರೆ ಬೇಕಿಲ್ಲ.

ಇಂಕ್‌ಜೆಟ್ಟಿನ ಶಾಯಿಯಲ್ಲಿ ಮತ್ತೆ ಎರಡು ಬಗೆ. ಒಂದರಲ್ಲಿ ಬಣ್ಣ ನೀರಿನಲ್ಲಿ ಸಕ್ಕರೆಯಂತೆ ಕರಗಿರುತ್ತದೆ. ಇದನ್ನು ಡೈ ಶಾಯಿ ಎನ್ನುತ್ತಾರೆ. ಇನ್ನೊಂದರಲ್ಲಿ ಬಣ್ಣದ ಸಣ್ಣ ಕಣಗಳು ಕರಗದೆ ತೇಲುತ್ತಿರುತ್ತವೆ. ಇದು ಪಿಗ್ಮೆಂಟ್ ಶಾಯಿ. ಕರಗಿದ ಬಣ್ಣ ನೀರು ತಾಗಿದೊಡನೆ ಮತ್ತೆ ಕರಗಿ ಹರಿಯುತ್ತದೆ, ಬಿಸಿಲಿಗೂ ಬೇಗ ಮಾಸುತ್ತದೆ. ಕಣದ ಬಣ್ಣ ಒಣಗಿ ಕಾಗದದ ಮೇಲೆ ಕೂತ ಮೇಲೆ ಅಷ್ಟು ಸುಲಭದಲ್ಲಿ ಏಳುವುದಿಲ್ಲ. ಎಷ್ಟೋ ಪ್ರಿಂಟರುಗಳಲ್ಲಿ ಕಪ್ಪು ಮಾತ್ರ ಪಿಗ್ಮೆಂಟ್, ಉಳಿದ ಮೂರು ಬಣ್ಣ ಡೈ. ಕೆಲವದರಲ್ಲಿ ನಾಲ್ಕೂ ಡೈ. ನಿಮ್ಮದು ಯಾವುದೆಂದು ಡಬ್ಬಿಯ ಮೇಲಿನ ಸಣ್ಣ ಅಕ್ಷರ ಓದಿ ತಲೆಕೆಡಿಸಿಕೊಳ್ಳಬೇಕಿಲ್ಲ. ಒಂದು ಸಾಲು ಕಪ್ಪಿನಲ್ಲಿ, ಒಂದು ಸಾಲು ಬಣ್ಣದಲ್ಲಿ ಮುದ್ರಿಸಿ ಒಂದು ದಿನ ಒಣಗಲು ಬಿಡಿ. ಮರುದಿನ ಎರಡರ ಮೇಲೂ ಒಂದೊಂದು ಹನಿ ನೀರು ಹಾಕಿ, ನಿಮಿಷ ಕಳೆದು ಬೆರಳಿನಿಂದ ಒರೆಸಿ. ಉತ್ತರ ಬೆರಳ ತುದಿಗೇ ಬರುತ್ತದೆ.

ನಿಮ್ಮದು ಡೈ ಶಾಯಿಯೇ ಆದರೆ ಬೇಸರ ಬೇಡ. ಮನೆಯಲ್ಲಿ ಮುದ್ರಿಸಿದ ಹಾಳೆಯನ್ನು ಝೆರಾಕ್ಸ್ ಅಂಗಡಿಗೆ ಕೊಂಡುಹೋಗಿ ಒಂದು ಪ್ರತಿ ತೆಗೆಸಿ. ಝೆರಾಕ್ಸ್ ಯಂತ್ರವೂ ಟೋನರ್ ಪುಡಿಯಲ್ಲೇ ಕೆಲಸ ಮಾಡುವುದು. ಮನೆಯ ಮೂಲ ಹಾಳೆ ನೀರಿನಲ್ಲಿ ಕರಗಿದರೂ ಅದರ ಝೆರಾಕ್ಸ್ ಪ್ರತಿ ಕರಗುವುದಿಲ್ಲ! ಸಾವಿರಾರು ರೂಪಾಯಿ ಕೊಟ್ಟು ಹೊಸ ಪ್ರಿಂಟರ್ ತರುವ ಬದಲು ಕೆಲವೇ ರೂಪಾಯಿಯ ಈ ಉಪಾಯ ಸಾಕು. ಬಣ್ಣದ ಲೇಬಲ್ ಬೇಕೆಂದು ಮಕ್ಕಳು ಹಟ ಮಾಡಬಹುದು. ಹೂವಿನ ಚಿತ್ರ ಹಾಕಿ ಚಂದ ಮಾಡಬಹುದೇನೋ ನಿಜ. ಆದರೆ ಬಿಸಿಲಿನಲ್ಲಿ ಮೊದಲು ಮಾಸುವುದು ಆ ಬಣ್ಣಗಳೇ. ಬಿಳಿಯ ಮೇಲೆ ದಪ್ಪ ಕಪ್ಪು ಅಕ್ಷರ, ಅಷ್ಟೇ. ಹೂವಿನ ಬಣ್ಣ ಗಿಡದಲ್ಲೇ ಇದೆ.

ಕಾಗದಕ್ಕೆ ಕವಚ

ಅಕ್ಷರ ಉಳಿದರೂ ಕಾಗದ ಉಳಿಯಬೇಕಲ್ಲ. ಒದ್ದೆಯಾದ ಕಾಗದ ಹರಿಯುತ್ತದೆ, ಬೂಸ್ಟು ಹಿಡಿಯುತ್ತದೆ. ಮಳೆಗಾಲದ ಶಂಖದ ಹುಳುಗಳಿಗೆ ಒದ್ದೆ ಕಾಗದವೂ ಆಹಾರವೇ. ಹಲವರು ಚೀಟಿಯ ಮೇಲೆ ಪಾರದರ್ಶಕ ಗಮ್ ಟೇಪ್ ಅಂಟಿಸುತ್ತಾರೆ. ನೋಡಲು ಸುಲಭದ ದಾರಿ. ಆದರೆ ಆ ಟೇಪು ಕೆಲವೇ ತಿಂಗಳಲ್ಲಿ ಹಳದಿಯಾಗಿ, ಅಂಚಿನಿಂದ ಎದ್ದು, ಎದ್ದ ಸಂದಿನಲ್ಲಿ ನೀರು ಹಿಡಿದಿಟ್ಟು ಕಾಗದವನ್ನು ಇನ್ನೂ ಬೇಗ ಕೊಳೆಸುತ್ತದೆ.

ಲ್ಯಾಮಿನೇಶನ್ ಒಳ್ಳೆಯದು. ಆಧಾರ್ ಕಾರ್ಡಿಗೆ, ಶಾಲೆಯ ಗುರುತು ಚೀಟಿಗೆ ಮಾಡಿಸುತ್ತೇವಲ್ಲ, ಅದೇ. ಆದರೆ ಇಲ್ಲಿ ಕ್ರಮ ಮುಖ್ಯ. ಅಂಗಡಿಯಲ್ಲಿ ಇಡೀ ಹಾಳೆಗೆ ಲ್ಯಾಮಿನೇಶನ್ ಮಾಡಿಸಿ ಆಮೇಲೆ ಕತ್ತರಿಯಿಂದ ಚೀಟಿಗಳನ್ನು ಬೇರೆ ಮಾಡಿದರೆ ಮಾಡಿದ್ದೆಲ್ಲ ವ್ಯರ್ಥ. ಕತ್ತರಿಸಿದ ಅಂಚಿನಲ್ಲಿ ಕಾಗದ ಬಾಯಿ ತೆರೆದಿರುತ್ತದೆ. ದೀಪದ ಬತ್ತಿ ಎಣ್ಣೆ ಎಳೆಯುವಂತೆ ಆ ಅಂಚು ನೀರನ್ನು ಒಳಗೆಳೆಯುತ್ತದೆ. ಎರಡು ವಾರದಲ್ಲಿ ಲೇಬಲಿನೊಳಗೆ ಕಂದು ಕಲೆ ಹರಡಿರುತ್ತದೆ. ಆದ್ದರಿಂದ ಮೊದಲು ಕಾಗದ ಕತ್ತರಿಸಬೇಕು, ನಂತರ ಲ್ಯಾಮಿನೇಶನ್, ಆಮೇಲೆ ಕಾಗದವಿಲ್ಲದ ಬರೇ ಪ್ಲಾಸ್ಟಿಕ್ಕಿನ ನಡುವೆ ಕತ್ತರಿ ಆಡಿಸಬೇಕು. ಪ್ರತಿ ಚೀಟಿಯ ಸುತ್ತಲೂ ಅರ್ಧ ಸೆಂಟಿಮೀಟರ್ ಪ್ಲಾಸ್ಟಿಕ್ ಉಳಿಯಬೇಕು.

ಲೆಕ್ಕ ಹೀಗಿದೆ. ಕಂಪ್ಯೂಟರಿನಲ್ಲಿ ಮೂರು ಕಂಬ, ಹತ್ತು ಸಾಲಿನ ಕೋಷ್ಟಕ ಮಾಡಿ. ಒಂದೊಂದು ಮನೆ 6 ಸೆಂಟಿಮೀಟರ್ ಅಗಲ, ಎರಡೂವರೆ ಸೆಂಟಿಮೀಟರ್ ಎತ್ತರ. ಒಂದು ಎ4 ಹಾಳೆಯಲ್ಲಿ 30 ಚೀಟಿ ಬರುತ್ತದೆ. ಅವನ್ನು ಕತ್ತರಿಸಿ ಎ4 ಅಳತೆಯ ಲ್ಯಾಮಿನೇಶನ್ ಪೌಚಿನೊಳಗೆ ಒಂದೊಂದು ಸೆಂಟಿಮೀಟರ್ ಜಾಗ ಬಿಟ್ಟು ಜೋಡಿಸಿದರೆ ಮೂರರಂತೆ ಎಂಟು ಸಾಲು, 24 ಚೀಟಿ ಹಿಡಿಯುತ್ತದೆ. ಯಂತ್ರದೊಳಗೆ ಹೋಗುವಾಗ ಚೀಟಿಗಳು ಜಾರದಂತೆ ಒಂದೊಂದರ ಹಿಂದೆ ಚುಕ್ಕಿಯಷ್ಟು ಅಂಟು ಹಚ್ಚಿ. ಇದನ್ನು ಮನೆಯಲ್ಲೇ ಜೋಡಿಸಿಟ್ಟುಕೊಂಡು ಅಂಗಡಿಗೆ ಒಯ್ದರೆ ಅಂಗಡಿಯವರಿಗೂ ತ್ರಾಸವಿಲ್ಲ. ಪೌಚು 125 ಮೈಕ್ರಾನಿನದ್ದೋ ಅದಕ್ಕಿಂತ ದಪ್ಪದ್ದೋ ಇರಲಿ. ಇಂಕ್‌ಜೆಟ್ ಪ್ರಿಂಟಾದರೆ ಪೂರ್ತಿ ಒಣಗಿದ ಮೇಲೆಯೇ ಒಳಗೆ ಹಾಕಿ. ಹಸಿ ಇದ್ದರೆ ಬಿಸಿಗೆ ಆವಿ ಎದ್ದು ಗುಳ್ಳೆ ಬರುತ್ತದೆ. ಕಟ್ಟಲು ತೂತು ಬೇಕೆಂದರೆ ಕಾಗದದ ಮೇಲೆ ಖಂಡಿತ ತೂತು ಮಾಡಬಾರದು. ಒಂದು ಬದಿಯಲ್ಲಿ ಒಂದೂವರೆ ಸೆಂಟಿಮೀಟರ್ ಬರೇ ಪ್ಲಾಸ್ಟಿಕ್ ಬಿಟ್ಟು ಅಲ್ಲಿ ಮಾಡಿ. ಅಂಥ ಚೀಟಿಗಳಾದರೆ ಪೌಚಿಗೆ ಹಿಡಿಯುವ ಸಂಖ್ಯೆ ಕಡಿಮೆಯಾಗುತ್ತದೆ ಎಂಬುದು ನೆನಪಿರಲಿ.

ಕಾಗದವನ್ನೇ ಬಿಟ್ಟುಬಿಡುವ ದಾರಿಯೂ ಇದೆ. ಮುದ್ರಣ ಸಾಮಗ್ರಿ ಮಾರುವವರಲ್ಲಿ ಹರಿಯದ ಹಾಳೆ ಸಿಗುತ್ತದೆ. ಎನ್‌ಟಿಆರ್ ಶೀಟ್ ಎಂದು ಕೇಳಿದರೆ ಕೊಡುತ್ತಾರೆ. ಅದು ಕಾಗದದಂತೆ ಕಂಡರೂ ಪ್ಲಾಸ್ಟಿಕ್. ನೀರಿನಲ್ಲಿ ನೆನೆಸಿದರೂ ಏನೂ ಆಗುವುದಿಲ್ಲ. ಅಂಟು ಇರುವ ಸ್ಟಿಕ್ಕರ್ ಹಾಳೆಗಳೂ ಈ ಬಗೆಯಲ್ಲಿ ಸಿಗುತ್ತವೆ. ಇಲ್ಲಿ ಒಂದು ಎಚ್ಚರಿಕೆ ಬಹಳ ಅಗತ್ಯ. ಲೇಸರ್ ಪ್ರಿಂಟರಿಗೆಂದೇ ಮಾಡಿದ ಹಾಳೆಯನ್ನು ಮಾತ್ರ ಲೇಸರ್ ಪ್ರಿಂಟರಿಗೆ ಹಾಕಬೇಕು. ಇಂಕ್‌ಜೆಟ್ಟಿನ ಪ್ಲಾಸ್ಟಿಕ್ ಹಾಳೆಯನ್ನೋ, ಮನೆಯಲ್ಲಿದ್ದ ಯಾವುದೋ ಪಾರದರ್ಶಕ ಹಾಳೆಯನ್ನೋ ಅದರಲ್ಲಿ ತುರುಕಿದರೆ ಒಳಗಿನ ಬಿಸಿಗೆ ಅದು ಕರಗಿ ಉರುಳೆಗೆ ಸುತ್ತಿಕೊಳ್ಳುತ್ತದೆ. ರಿಪೇರಿಯ ಖರ್ಚು ಕೇಳಿದರೆ ಹಿತ್ತಿಲಿನ ಗಿಡಗಳ ಕ್ರಯ ಏನೂ ಅಲ್ಲ ಅನ್ನಿಸುತ್ತದೆ.

ಎಲ್ಲಕ್ಕಿಂತ ಹೆಚ್ಚು ಬಾಳುವುದು ಲೋಹ. ತಂಪು ಪಾನೀಯದ ಖಾಲಿ ಅಲ್ಯೂಮಿನಿಯಂ ಡಬ್ಬಿಯನ್ನು ಮನೆಯ ಕತ್ತರಿಯಿಂದಲೇ ಕತ್ತರಿಸಿ ಪಟ್ಟಿ ಮಾಡಬಹುದು. ಅಂಚು ಬ್ಲೇಡಿನಂತೆ ಹರಿತ, ಮಕ್ಕಳ ಕೈಗೆ ಕೊಡಬೇಡಿ, ಅಂಚನ್ನು ಮಡಚಿ ತಟ್ಟಿಬಿಡಿ. ಪಟ್ಟಿಯನ್ನು ಹಳೆಯ ಪತ್ರಿಕೆಯ ದಪ್ಪ ಮಡಿಕೆಯ ಮೇಲಿಟ್ಟು, ಅದರ ಮೇಲೆ ಮುದ್ರಿಸಿದ ಚೀಟಿಯನ್ನು ಹಿಡಿದು, ಶಾಯಿ ಮುಗಿದ ಬಾಲ್ ಪೆನ್ನಿನಿಂದ ಅಕ್ಷರದ ಮೇಲೆಯೇ ಒತ್ತಿ ತಿದ್ದಿ. ಕಾಗದ ತೆಗೆದರೆ ಲೋಹದಲ್ಲಿ ಅಕ್ಷರ ತಗ್ಗಾಗಿ ಮೂಡಿರುತ್ತದೆ. ಇದರಲ್ಲಿ ಶಾಯಿಯೇ ಇಲ್ಲ, ಅಳಿಯುವುದಕ್ಕೆ ಏನಿದೆ? ಮಾವು, ಹಲಸು, ಜಾಯಿಕಾಯಿಯಂತಹ ಹತ್ತಾರು ವರ್ಷ ನಿಲ್ಲುವ ಮರಗಳಿಗೆ ನನ್ನ ಮತ ಇದಕ್ಕೇ. ಪ್ರಿಂಟರಿನ ಕೆಲಸ ಇಲ್ಲಿ ಚಂದದ ಅಚ್ಚು ಕೊಡುವುದು ಮಾತ್ರ.

ಒಂದು ಮಾತು ಹೇಳಿಬಿಡಬೇಕು. ಪರ್ಮನೆಂಟ್ ಎಂದು ಬರೆದಿರುವ ಮಾರ್ಕರ್ ಪೆನ್ನುಗಳನ್ನು ನಂಬಿ ಕೂರಬೇಡಿ. ಅವು ನೀರಿಗೆ ಜಗ್ಗುವುದಿಲ್ಲ ನಿಜ, ಆದರೆ ಒಂದು ಬೇಸಿಗೆಯ ಬಿಸಿಲು ಅವನ್ನು ತಿಂದು ಮುಗಿಸುತ್ತದೆ. ಅದಕ್ಕಿಂತ ಮಕ್ಕಳ ಕಂಪಾಸಿನಲ್ಲಿರುವ ಸಾದಾ ಪೆನ್ಸಿಲ್ ಮೇಲು. ಪೆನ್ಸಿಲಿನ ಸೀಸ ಎಂದು ನಾವು ಕರೆಯುವುದು ಕೂಡ ಇಂಗಾಲವೇ, ಟೋನರಿನ ಕಪ್ಪಿನ ನೆಂಟ. ಸ್ವಲ್ಪ ಒರಟಾದ ಬಿಳಿ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಪೆನ್ಸಿಲಿನಿಂದ ಬರೆದದ್ದು ಬಿಸಿಲು ಮಳೆ ಎರಡಕ್ಕೂ ವರ್ಷಗಟ್ಟಲೆ ತಾಳುತ್ತದೆ. ಪ್ರಿಂಟರ್ ಇಲ್ಲದ ಮನೆಯವರು ಇದಿಷ್ಟನ್ನೇ ಮಾಡಿದರೂ ಸಾಕು.

ಕನ್ನಡದ ಒತ್ತಕ್ಷರ

ಇಂಗ್ಲಿಷ್ ಅಕ್ಷರಕ್ಕೆ ಸಾಕಾಗುವ ಅಳತೆ ನಮ್ಮ ಲಿಪಿಗೆ ಸಾಕಾಗುವುದಿಲ್ಲ. ಕನ್ನಡದಲ್ಲಿ ಅಕ್ಷರದ ಕೆಳಗೆ ಒತ್ತು, ಮೇಲೆ ಗುಡಿಸು, ಪಕ್ಕದಲ್ಲಿ ದೀರ್ಘ. ಇವುಗಳ ಗೆರೆ ಸಣ್ಣದು. ಲೇಬಲ್ ಸ್ವಲ್ಪ ಮಾಸಿದರೂ ಮೊದಲು ಹೋಗುವುದು ಒತ್ತು. ಹೆಸರನ್ನು 20 ಪಾಯಿಂಟಿಗೆ ಕಡಿಮೆಯಿಲ್ಲದಂತೆ, ದಪ್ಪ ಅಕ್ಷರದಲ್ಲಿ ಹಾಕಿ. ಕೆಳಗಿನ ವಿವರ 12 ಇದ್ದರೆ ಸಾಕು. ವಿಂಡೋಸ್ ಕಂಪ್ಯೂಟರಿನಲ್ಲಿ ಬರುವ ತುಂಗಾ ಫಾಂಟ್ ಓದಲು ಹಿತ. ಆದರೆ ಗೆರೆ ತೆಳು, ಆದ್ದರಿಂದ ಬೋಲ್ಡ್ ಮಾಡಲು ಮರೆಯಬೇಡಿ. ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಿ ಟೈಪ್ ಮಾಡುವ ಅಭ್ಯಾಸವಿದ್ದವರು ಅಂಗಡಿಗೆ ಕಡತ ಒಯ್ಯುವಾಗ ಪಿಡಿಎಫ್ ಮಾಡಿಕೊಂಡೇ ಒಯ್ಯಿರಿ. ಇಲ್ಲವಾದರೆ ಅಲ್ಲಿನ ಕಂಪ್ಯೂಟರಿನಲ್ಲಿ ಒಂದೆಲಗವೂ ದೊಡ್ಡಪತ್ರೆಯೂ ಓದಲಾಗದ ಚಿಹ್ನೆಗಳಾಗಿ ಬರುತ್ತವೆ.

ಕೆಲವು ಉದ್ಯಾನಗಳಲ್ಲಿ ಈಗ ಹೆಸರಿನ ಬದಲು ಕ್ಯೂಆರ್ ಕೋಡ್ ಹಾಕುತ್ತಾರೆ. ಮನೆಯ ಹಿತ್ತಿಲಿಗೆ ಅದು ಬೇಡ. ಸಂಜೆಯ ಹೊತ್ತು ಸೊಪ್ಪು ಕೊಯ್ಯಲು ಹೋದ ಅತ್ತೆ ಮೊಬೈಲ್ ಹಿಡಿದು ಗಿಡದ ಮುಂದೆ ಬಾಗಿ ನಿಲ್ಲಬೇಕೇ?

ಗಿಡಕ್ಕೆ ಕುಣಿಕೆಯಾಗಬಾರದು

ಐಸ್‌ಕ್ರೀಮಿನ ಕಡ್ಡಿ, ಬಿದಿರಿನ ಸೀಳು ಇವನ್ನು ಗೂಟವಾಗಿ ನೆಟ್ಟರೆ ಗೆದ್ದಲು ಬಿಡುವುದಿಲ್ಲ. ಮೊಸರಿನ ಡಬ್ಬಿಯಿಂದ ಕತ್ತರಿಸಿದ ಪಟ್ಟಿ ಒಂದು ವರ್ಷ ಬರುತ್ತದೆ, ಆಮೇಲೆ ಬಿಸಿಲಿಗೆ ಹುರಿದ ಹಪ್ಪಳದಂತೆ ಮುರಿಯುತ್ತದೆ. ವಯರಿಂಗ್ ಮಾಡುವವರು ಬಿಟ್ಟುಹೋದ ಬಿಳಿ ಪಿವಿಸಿ ಪಟ್ಟಿಯ ತುಂಡುಗಳಿದ್ದರೆ ಎತ್ತಿಟ್ಟುಕೊಳ್ಳಿ. ಅವು ಗಟ್ಟಿ. ಸ್ಟಿಕ್ಕರ್ ಅಂಟಿಸುವ ಮೊದಲು ಪಟ್ಟಿಯನ್ನು ಸೋಪಿನಲ್ಲಿ ತೊಳೆದು, ಒಣಗಿಸಿ, ಸ್ಪಿರಿಟ್‌ನಿಂದ ಒರೆಸಿದರೆ ಅಂಟು ಚೆನ್ನಾಗಿ ಹಿಡಿಯುತ್ತದೆ.

ಮರಕ್ಕೆ ಕಟ್ಟುವಾಗ ಕಾಂಡಕ್ಕೆ ಬಿಗಿಯಾಗಿ ತಂತಿ ಸುತ್ತುವುದು ಬಹಳ ಕೆಟ್ಟದು. ಇವತ್ತು ಬೆರಳು ಗಾತ್ರದ ಕಸಿ ಗಿಡ ಮೂರು ವರ್ಷದಲ್ಲಿ ತೋಳಿನಷ್ಟು ದಪ್ಪವಾಗುತ್ತದೆ. ತಂತಿ ಬೆಳೆಯುವುದಿಲ್ಲ. ಅದು ತೊಗಟೆಯೊಳಗೆ ಇಳಿಯುತ್ತದೆ. ಎಲೆ ತಯಾರಿಸಿದ ಆಹಾರ ಬೇರಿಗೆ ಇಳಿಯುವುದು ಆ ತೊಗಟೆಯ ಮೂಲಕವೇ. ಗಿಡದ ಗುರುತಿಗೆಂದು ಹಾಕಿದ್ದು ಗಿಡದ ಕುತ್ತಿಗೆಗೆ ಕುಣಿಕೆಯಾಗುತ್ತದೆ. ತೆಳುವಾದ ಅಲ್ಯೂಮಿನಿಯಂ ತಂತಿಯನ್ನು ಪೆನ್ನಿಗೆ ಸುತ್ತಿ ಸ್ಪ್ರಿಂಗಿನಂತೆ ಮಾಡಿ, ಅಡ್ಡ ಕೊಂಬೆಗೆ ಸಡಿಲವಾಗಿ ತೂಗುಹಾಕಿ. ಕೊಂಬೆ ದಪ್ಪವಾದಂತೆ ಸ್ಪ್ರಿಂಗ್ ಬಿಚ್ಚಿಕೊಳ್ಳುತ್ತದೆ. ಕುಂಡಗಳಿಗೆ ಗೂಟವನ್ನು ಯಾವಾಗಲೂ ಒಂದೇ ದಿಕ್ಕಿನಲ್ಲಿ, ಆದಷ್ಟು ಉತ್ತರಕ್ಕೆ ಮುಖ ಮಾಡಿ ನೆಡಿ. ಮಧ್ಯಾಹ್ನದ ನೇರ ಬಿಸಿಲು ಅಕ್ಷರದ ಮೇಲೆ ಕಡಿಮೆ ಬೀಳುತ್ತದೆ.

ಹೆಸರು ಕೇಳುವುದು ಯಾರಲ್ಲಿ?

ಲೇಬಲ್ ಎಷ್ಟು ಗಟ್ಟಿಯಾಗುತ್ತದೋ ಅದರಲ್ಲಿ ಬರೆದದ್ದರ ಹೊಣೆಯೂ ಅಷ್ಟೇ ಭಾರವಾಗುತ್ತದೆ. ಕಾಗದದ ಚೀಟಿಯಲ್ಲಿ ತಪ್ಪು ಹೆಸರಿದ್ದರೆ ಜುಲೈ ತಿಂಗಳಲ್ಲಿ ಅದು ತಾನಾಗಿ ಅಳಿಯುತ್ತಿತ್ತು. ಲೋಹದ ಪಟ್ಟಿಯಲ್ಲಿ ಒತ್ತಿದ ತಪ್ಪು ಹೆಸರು ಮೊಮ್ಮಕ್ಕಳವರೆಗೂ ನಿಲ್ಲುತ್ತದೆ. ಹೆಸರಿಲ್ಲದ ಗಿಡವನ್ನು ಯಾರೂ ಬಾಯಿಗಿಡುವುದಿಲ್ಲ. ತಪ್ಪು ಹೆಸರಿನ ಗಿಡವನ್ನು ನಂಬಿಕೆಯಿಂದ ಅರೆದು ಕುಡಿಯುತ್ತಾರೆ.

ನಮ್ಮ ಮನೆಗಳಲ್ಲಿ ಈ ಗೊಂದಲಕ್ಕೆ ಇನ್ನೊಂದು ಕಾರಣವಿದೆ. ಒಂದೇ ಮನೆಯಲ್ಲಿ ಎರಡು ಮೂರು ಭಾಷೆ. ಮದರಂಗಿಯನ್ನೇ ತೆಗೆದುಕೊಳ್ಳಿ. ಉರ್ದು ಮಾತಾಡುವ ಸೊಸೆಗೆ ಅದು ಮೆಹಂದಿ, ಕೇರಳದ ಕಡೆಯಿಂದ ಬಂದವಳಿಗೆ ಮೈಲಾಂಜಿ, ಘಟ್ಟದ ಮೇಲಿನವರಿಗೆ ಗೋರಂಟಿ. ಇಲ್ಲಿ ಗಿಡ ಒಂದೇ, ಹೆಸರು ನಾಲ್ಕು. ತೊಂದರೆಯಿಲ್ಲ. ಆದರೆ ಹೆಸರು ಒಂದೇ ಆಗಿ ಗಿಡ ಎರಡಾದಾಗ ಕಷ್ಟ. ಬ್ರಾಹ್ಮಿ ಎಂದು ಕೇಳಿದರೆ ಒಬ್ಬರು ಒಂದೆಲಗ ಕೊಡುತ್ತಾರೆ, ಇನ್ನೊಬ್ಬರು ನೀರುಬ್ರಾಹ್ಮಿ ಕೊಡುತ್ತಾರೆ. ಒಂದರ ಎಲೆ ದುಂಡಗೆ ನಾಣ್ಯದಂತೆ, ಇನ್ನೊಂದರದ್ದು ಸಣ್ಣಗೆ ದಪ್ಪಗೆ. ಎರಡೂ ಬೇರೆ ಬೇರೆ ಕುಟುಂಬದ ಸಸ್ಯಗಳು. ಅಡಿಗೆಮನೆಯ ಬೀಜದ ಡಬ್ಬಿಗಳಲ್ಲೂ ಇದೇ ಕಥೆ. ಪ್ರವಾದಿ(ಸ)ರವರು ಹೊಗಳಿದ ಕರಿಜೀರಿಗೆ, ಅಂದರೆ ಕಲೋಂಜಿಯನ್ನು ಕೇಳಲು ಹೋಗಿ, ಕಾಲಿ ಜೀರಿ ಎಂದು ಹೆಸರು ಹೇಳಿ ಕಹಿಯಾದ ಕಾಡುಜೀರಿಗೆ ತಂದವರಿದ್ದಾರೆ. ಕಾಲಾ ಜೀರಾ ಎಂಬುದು ಮೂರನೆಯದೇ ಒಂದು ಮಸಾಲೆ.

ಹೀಗಾಗಿ ಲೇಬಲಿನಲ್ಲಿ ಮೊದಲ ಸಾಲು ಮನೆಯಲ್ಲಿ ಕರೆಯುವ ಹೆಸರಾಗಿರಲಿ. ಬ್ಯಾರಿ, ಉರ್ದು, ತುಳು, ಯಾವುದಾದರೂ ಕನ್ನಡ ಲಿಪಿಯಲ್ಲೇ ಬರೆಯಿರಿ. ಎರಡನೆಯ ಸಾಲಿನಲ್ಲಿ ಕನ್ನಡದ ಹೆಸರು. ಸಾಧ್ಯವಾದರೆ ಸಸ್ಯಶಾಸ್ತ್ರೀಯ ಹೆಸರೂ ಇರಲಿ. ಎಲ್ಲಿಯ ಮಾತಿಗೂ ಬಗ್ಗದ ಹೆಸರು ಅದೊಂದೇ. ಅದಕ್ಕೆ ಕಾಲೇಜಿನ ಸಸ್ಯಶಾಸ್ತ್ರದ ಅಧ್ಯಾಪಕರನ್ನೋ ತೋಟಗಾರಿಕೆ ಇಲಾಖೆಯವರನ್ನೋ ಕೇಳಿ. ಮೊಬೈಲಿನಲ್ಲಿ ಫೋಟೋ ತೆಗೆದರೆ ಹೆಸರು ಹೇಳುವ ಆ್ಯಪ್‌ಗಳಿವೆ. ಹೂವಿನ ಗಿಡಕ್ಕೆ ಅವು ಸಾಕು. ಹೊಟ್ಟೆಗೆ ಹೋಗುವ ಗಿಡಕ್ಕೆ ಆ್ಯಪಿನ ಮಾತು ಸಾಕ್ಷಿಯಾಗಲಾರದು. ಮೂರನೆಯ ಸಾಲಿನಲ್ಲಿ ಗಿಡ ಯಾರ ಮನೆಯಿಂದ ಬಂತು, ಯಾವ ತಿಂಗಳು, ಯಾವ ವರ್ಷ. ಮುಂದೆ ಸಂಶಯ ಬಂದರೆ ಹೋಗಿ ತಾಯಿ ಗಿಡವನ್ನು ನೋಡಲು ಈ ಸಾಲೇ ದಾರಿ.

ಅಂಗಳದಲ್ಲಿ ಕಣಗಿಲೆ, ಹಳದಿ ಕಣಗಿಲೆ, ಉಮ್ಮತ್ತ ಇದ್ದರೆ ಅವಕ್ಕೆ ಮೊದಲು ಲೇಬಲ್ ಹಾಕಿ, ವಿಷ ಎಂಬ ಎರಡಕ್ಷರವನ್ನು ಹೆಸರಿಗಿಂತ ದೊಡ್ಡದಾಗಿ ಮುದ್ರಿಸಿ. ಓದಲು ಬಾರದ ಮಗುವಿಗೆ ಅದು ಕಾವಲಾಗುವುದಿಲ್ಲ, ನಿಜ. ಆದರೆ ರಜೆಗೆ ಬಂದ ನೆಂಟರ ಮಕ್ಕಳನ್ನು ನೋಡಿಕೊಳ್ಳುವ ದೊಡ್ಡವರಿಗೆ ಅದು ಬೇಕು. ಮಗು ಏನನ್ನೋ ಜಗಿದಿದೆ ಎಂದು ಆಸ್ಪತ್ರೆಗೆ ಓಡುವಾಗ ವೈದ್ಯರು ಕೇಳುವ ಮೊದಲ ಪ್ರಶ್ನೆ ಯಾವ ಗಿಡ ಎಂದೇ. ಆ ಹೊತ್ತಿಗೆ ಲೇಬಲನ್ನೇ ಕಿತ್ತುಕೊಂಡು ಓಡಬಹುದು.

ಆದಮ್(ಅ)ರಿಗೆ ಅಲ್ಲಾಹನು ಹೆಸರುಗಳನ್ನು ಕಲಿಸಿದ ಪ್ರಸಂಗ ಕುರ್‌ಆನಿನ ಅಲ್‌ಬಕರಃ ಅಧ್ಯಾಯದಲ್ಲಿ ಬರುತ್ತದೆ. ಮನುಷ್ಯನಿಗೆ ಸಿಕ್ಕ ಮೊದಲ ಪಾಠವೇ ಹೆಸರು. ನಮ್ಮ ಹಿತ್ತಿಲುಗಳಲ್ಲಿ ಆ ಪಾಠ ಈಗ ಒಬ್ಬಿಬ್ಬರ ನೆನಪಿನಲ್ಲಷ್ಟೇ ಉಳಿದಿದೆ. ಅಜ್ಜಿಯೋ, ಅತ್ತೆಯೋ, ಪಕ್ಕದ ಮನೆಯ ಹಿರಿಯರೋ. ಬಾಣಂತಿಯ ಸ್ನಾನದ ನೀರಿಗೆ ಯಾವ ಎಲೆ, ಕೂಸಿನ ಶೀತಕ್ಕೆ ಯಾವುದು ಬಾಡಿಸಿ ಹಿಂಡುತ್ತಿದ್ದುದು, ಯಾವುದನ್ನು ಗರ್ಭಿಣಿಯರು ಮುಟ್ಟಬಾರದು, ಇದೆಲ್ಲ ಅವರಿಗೆ ಗೊತ್ತು. ಗೊತ್ತಿದೆ ಎಂದು ಅವರು ಹೇಳಿಕೊಳ್ಳುವುದಿಲ್ಲ, ನಾವೂ ಕೇಳುವುದಿಲ್ಲ. ಮೊಣಕಾಲು ನೋವೆಂದು ಅವರು ಹಿತ್ತಿಲಿಗೆ ಇಳಿಯುವುದು ನಿಂತ ಮೇಲೆ ಅಲ್ಲಿರುವುದೆಲ್ಲ ನಮ್ಮ ಕಣ್ಣಿಗೆ ಬರೇ ಹಸಿರು ಕಾಡು. ಕೆಲಸದವನು ಬಂದು ಒಂದೇ ದಿನದಲ್ಲಿ ಸವರಿ ಚೊಕ್ಕ ಮಾಡಿಬಿಡುತ್ತಾನೆ.

ಲೇಬಲ್ ಮಾಡುವ ನೆಪದಲ್ಲಿ ಒಂದು ಸಂಜೆ ಅಸರ್ ನಮಾಝಿನ ನಂತರ ಅವರನ್ನು ಕುರ್ಚಿ ಹಾಕಿ ಹಿತ್ತಿಲಿನಲ್ಲಿ ಕೂರಿಸಿ. ಮಕ್ಕಳು ಒಂದೊಂದೇ ಎಲೆ ತಂದು ತೋರಿಸಲಿ.

“ಇದು ಯಾವುದು ಉಮ್ಮಾ?”

“ಮೂಸಿ ನೋಡು ಮಗಳೇ, ಗೊತ್ತಾಗುವುದಿಲ್ಲವಾ? ಸಾಂಬ್ರಾಣಿ ಸೊಪ್ಪು. ನಿನಗೆ ಕೆಮ್ಮು ಬಂದಾಗ ಕೊಡುತ್ತಿದ್ದದ್ದು.”

“ಶಾಲೆಯಲ್ಲಿ ಟೀಚರು ಇದಕ್ಕೆ ದೊಡ್ಡಪತ್ರೆ ಅಂತ ಹೇಳಿದ್ದು.”

“ಎರಡೂ ಒಂದೇ. ಎರಡೂ ಬರೆ.”

ಹೀಗೆ ಒಂದು ಗಂಟೆ ಕೂತರೆ ಎಷ್ಟೋ ಗಿಡಗಳ ವಿಳಾಸ ಸಿಗುತ್ತದೆ. ಹಿರಿಯರು ಹೇಳಿದ್ದರಲ್ಲಿ ಮದ್ದಿನ ಪ್ರಮಾಣ, ಚಿಕಿತ್ಸೆ ಇತ್ಯಾದಿಯನ್ನು ಲೇಬಲಿಗೆ ಹಾಕಬೇಡಿ. ಅದನ್ನು ಬೇರೆ ಪುಸ್ತಕದಲ್ಲಿ ಬರೆದಿಡಿ. ಬಯಲಿನಲ್ಲಿ ನಿಂತ ಫಲಕವನ್ನು ಯಾರು ಯಾವ ಅವಸರದಲ್ಲಿ ಓದುತ್ತಾರೋ ಹೇಳಲಾಗದು. ಫಲಕ ಗಿಡವನ್ನು ಗುರುತಿಸಲಿ. ಮದ್ದು ಹೇಳುವುದು ವೈದ್ಯರ ಕೆಲಸ.

ನೆಟ್ಟ ಗಿಡದಿಂದ ಹಕ್ಕಿ ತಿಂದರೂ, ದಾರಿಹೋಕ ತಿಂದರೂ ನೆಟ್ಟವನಿಗೆ ಅದು ಸದಕಾ ಎಂಬ ಪ್ರವಾದಿ(ಸ)ರವರ ಬೋಧನೆ ನಮಗೆಲ್ಲ ತಿಳಿದದ್ದೇ. ಮದ್ರಸದ ಅಂಗಳದಲ್ಲಿ, ಮಸೀದಿಯ ಆವರಣದಲ್ಲಿ ಮಕ್ಕಳಿಂದ ಗಿಡ ನೆಡಿಸುವ ಕಾರ್ಯಕ್ರಮಗಳು ಈಗ ಸಾಕಷ್ಟು ನಡೆಯುತ್ತವೆ. ಫೋಟೋ ತೆಗೆದು ಮುಗಿದ ಮೇಲೆ ಗಿಡ ಯಾವುದೆಂದು ನೆಟ್ಟ ಮಗುವಿಗೂ ನೆನಪಿರುವುದಿಲ್ಲ. ಒಂದು ಪೌಚಿನಲ್ಲಿ 24 ಲೇಬಲ್ ಆಗುತ್ತದೆ ಎಂದೆವಲ್ಲ, ಒಂದು ತರಗತಿಗೆ ಸಾಕಾಗುವಷ್ಟು. ಗಿಡದ ಹೆಸರು ಮೇಲೆ, ನೆಟ್ಟ ವರ್ಷ ಕೆಳಗೆ. ದಾನಿಗಳ ಹೆಸರಿಗೆ ಅಲ್ಲಿ ಜಾಗ ಇಡದಿದ್ದರೆ ಒಳ್ಳೆಯದು.

ಮುದ್ರಿಸಿದ ಕಡತವನ್ನು ಅಳಿಸಬೇಡಿ. ಲ್ಯಾಮಿನೇಶನ್ ಮಾಡಿದ ಲೇಬಲ್ ಎರಡು ಮೂರು ವರ್ಷದಲ್ಲಿ ಮಸುಕಾಗಿ, ಅಂಚು ಬಿಡಲು ತೊಡಗುತ್ತದೆ. ಪ್ರತಿ ವರ್ಷ ಮೇ ತಿಂಗಳಲ್ಲಿ ಒಮ್ಮೆ ಸುತ್ತು ಹಾಕಿ, ಹಾಳಾದದ್ದನ್ನು ಮಾತ್ರ ಮತ್ತೆ ಮುದ್ರಿಸಿದರೆ ಸಾಕು. ಕೋಷ್ಟಕದ ಕೊನೆಯ ನಾಲ್ಕೈದು ಮನೆಗಳಲ್ಲಿ ಹೆಸರಿನ ಜಾಗ ಖಾಲಿ ಬಿಟ್ಟು, “ಯಾರಿಂದ”, “ಯಾವಾಗ” ಎಂದಷ್ಟೇ ಮುದ್ರಿಸಿಟ್ಟುಕೊಳ್ಳಿ. ಯಾರಿಗೂ ಹೆಸರು ಗೊತ್ತಿಲ್ಲದ ಗಿಡ ಪ್ರತಿ ಹಿತ್ತಿಲಿನಲ್ಲೂ ಒಂದಾದರೂ ಇರುತ್ತದೆ. ಅದಕ್ಕೆ ಈ ಖಾಲಿ ಲೇಬಲನ್ನು, ಲ್ಯಾಮಿನೇಶನ್ ಮಾಡದೆ, ಪೆನ್ಸಿಲಿನಿಂದ ತುಂಬಿಸಿ, ಪ್ಲಾಸ್ಟಿಕ್ ತೊಟ್ಟೆಯ ತುಂಡಿನಲ್ಲಿ ಸುತ್ತಿ ಕಟ್ಟಿ. ಮುಂದಿನ ಬಾರಿ ಯಾರಾದರೂ ಹಿರಿಯರು ಮನೆಗೆ ಬಂದಾಗ, ಚಹಾ ಕೊಟ್ಟ ಮೇಲೆ ಅವರನ್ನು ಮೊದಲು ಆ ಗಿಡದ ಹತ್ತಿರ ಕರೆದುಕೊಂಡು ಹೋಗಿ.